ಎರಡು ಬಾಗಿಲಿಗೆ ಒಂದು ವಾಕ್ಯ

ಬಾಗಿಲುಗಳಿಗೆ ಕಿವಿಯಿದ್ದ ಕಾಲವೊಂದಿತ್ತಂತೆ, ಆ ಕಾಲದಲ್ಲಿ ಒಂದು ಊರಿತ್ತಂತೆ, ಆ ಊರಿನಲ್ಲಿ ಒಬ್ಬ ಅಜ್ಜಿಯೂ ಒಬ್ಬ ಮೊಮ್ಮಗಳೂ ಇದ್ದರಂತೆ. ನನ್ನಜ್ಜಿ ಕೊಟ್ರಮ್ಮ ಕಥೆ ಶುರು ಮಾಡುತ್ತಿದ್ದುದು ಹೀಗೆ. ಆ ಕಾಲ ಯಾವುದಜ್ಜಿ ಎಂದರೆ ಮೊನ್ನೆ ಎನ್ನುತ್ತಿದ್ದಳು. ಆ ಊರು ಯಾವುದು ಎಂದರೆ ನಿನ್ನ ಕಾಲ ಕೆಳಗೆ ನೋಡ್ಕೋ ಎನ್ನುತ್ತಿದ್ದಳು. ಆ ಮೊಮ್ಮಗಳು ಏನು ಮಾಡುತ್ತಿದ್ದಳು ಎಂದರೆ, ಬಾಯಿ ತೆರೆದುಕೊಂಡು ಮೋಡ ನೋಡುತ್ತಿದ್ದಳು, ಇನ್ನೇನು ಮಾಡ್ತಾಳೆ, ಎನ್ನುತ್ತಿದ್ದಳು. ಆದ್ದರಿಂದ ಈ ಕಥೆ ಹೇಳುವ ಹಕ್ಕು ನನಗಿದೆ ಎಂದುಕೊಂಡಿದ್ದೇನೆ.

ನಮ್ಮೂರಿನಲ್ಲಿ ಮನೆಗೊಂದು ಇಂಗ್ಲಿಷ್ ಪದ. ಬೀಗ, ಚಿಲಕ, ಅಗುಳಿ ಯಾರ ಮನೆಯಲ್ಲೂ ಇಲ್ಲ. ಬಾಗಿಲ ಮುಂದೆ ನಿಂತು ಆ ಮನೆಯ ಪದವನ್ನು ಒಂದು ವಾಕ್ಯದೊಳಗಿಟ್ಟು ಹೇಳಿದರೆ ಬಾಗಿಲು ತಾನಾಗಿ ತೆರೆದುಕೊಳ್ಳುತ್ತದೆ. ಆದರೆ ಪ್ರತಿ ಮನೆಯ ಎದುರಿಗೂ ಅದರ ಜೋಡಿಮನೆ ಇದೆ. ಜೋಡಿಮನೆಯ ಪದ ಕಿವಿಗೆ ಅದೇ, ಅರ್ಥ ಬೇರೆ. ಬಾಗಿಲುಗಳು ವಾಕ್ಯವನ್ನು ಪೂರ್ತಿ ಕೇಳಿ ಇದು ತನ್ನದೋ ಎದುರಿನವರದೋ ಎಂದು ತೀರ್ಮಾನ ಮಾಡುತ್ತವೆ. ತನ್ನದಾದರೆ ತೆರೆಯುತ್ತದೆ. ಎದುರಿನದಾದರೆ ರಪ್ಪೆಂದು ಮುಚ್ಚಿಕೊಳ್ಳುತ್ತದೆ. ಹೀಗಾಗಿ ಜೋಡಿಮನೆಗಳಲ್ಲಿ ಒಂದು ತೆರೆದಿದ್ದರೆ ಇನ್ನೊಂದು ಮುಚ್ಚಿರುತ್ತದೆ. ಎರಡೂ ಒಟ್ಟಿಗೆ ತೆರೆದದ್ದನ್ನು ಕಂಡವರಿಲ್ಲ.

ಇನ್ನೊಂದು ಮಾತು. ಕೆಲಸವಿಲ್ಲದ ವಾಕ್ಯಕ್ಕೆ ಬಾಗಿಲು ಕಿವಿಗೊಡುವುದಿಲ್ಲ. ಶಾಲೆಯಲ್ಲಿ ಚನ್ನವೀರಯ್ಯ ಮೇಷ್ಟ್ರು ಈ ಜೋಡಿಪದಗಳನ್ನೆಲ್ಲ ಬೋರ್ಡಿನ ಮೇಲೆ ಬರೆದು, ಒಂದೊಂದನ್ನೂ ಸ್ವಂತ ವಾಕ್ಯದಲ್ಲಿ ಬಳಸಿ ಎಂದು ನಮ್ಮ ಕೈಯಲ್ಲಿ ಕೂಗಿಸುತ್ತಿದ್ದರು. ಇಡೀ ತರಗತಿ ಗಂಟಲು ಹರಿದುಕೊಂಡರೂ ಊರಿನ ಒಂದು ಬಾಗಿಲೂ ಅಲುಗುತ್ತಿರಲಿಲ್ಲ. ಪರೀಕ್ಷೆಗೆಂದು ಆಡಿದ ಮಾತು ಯಾವುದು, ಬೇಕಾಗಿ ಆಡಿದ ಮಾತು ಯಾವುದು ಎಂಬುದು ಅವಕ್ಕೆ ಚೆನ್ನಾಗಿ ಗೊತ್ತಿತ್ತು.

ಜನ ಇದಕ್ಕೆ ಹೊಂದಿಕೊಂಡ ಬಗೆಯೇ ಒಂದು ತಮಾಷೆ. ಮೇಲಿನ ಬೀದಿಯಲ್ಲಿ ವೀಕ್ ಎಂದರೆ ವಾರ ಎನ್ನುವ ಮನೆಯಿದೆ. ಅಲ್ಲಿಗೆ ಹಾಲಿನವನು, ಅಗಸರವಳು, ಮುಂದಿನ ವೀಕ್ ಬರ್ತೀನಿ ಎನ್ನುವವರು ಸಲೀಸಾಗಿ ಹೋಗಿ ಬರುತ್ತಾರೆ. ಅದರ ಎದುರಿಗೆ ವೀಕ್ ಎಂದರೆ ನಿಶ್ಶಕ್ತಿ ಎನ್ನುವ ಮನೆ. ಆ ಮನೆಯ ಹೆಣ್ಣು ನೋಡಲು ಬಂದ ಗಂಡು ಹೊಸಿಲ ಮುಂದೆ ನಿಂತು ನಾನು ಬಹಳ ವೀಕ್ ಆಗಿದ್ದೇನೆ ಎಂದು ಹೇಳಬೇಕು, ಅದೂ ಸುಳ್ಳಾಗಿರಬಾರದು. ಅದಕ್ಕೇ ಬೀಗರು ಮೊದಲು ಅವನನ್ನು ಕೆರೆಯ ಸುತ್ತ ಓಡಿಸಿ, ಏದುಸಿರು ಬಿಡುತ್ತಿರುವಾಗಲೇ ಕರೆತರುತ್ತಾರೆ. ಆ ಮನೆಯ ಅಳಿಯಂದಿರೆಲ್ಲ ಮದುವೆಗೆ ಮುಂಚೆಯೇ ಸೋತು ಸುಣ್ಣವಾದವರು, ಆಮೇಲೆ ಸೋಲಿಸುವ ಕಷ್ಟ ಹೆಣ್ಣಿನ ಕಡೆಯವರಿಗಿಲ್ಲ ಎಂದು ಅಜ್ಜಿ ನಗುತ್ತಿದ್ದಳು.

ನಮ್ಮ ಮನೆಯ ಪದ ಪೀಸ್. ತುಂಡು ಎನ್ನುವ ಪೀಸ್. ನಮ್ಮಲ್ಲಿಗೆ ಬರುವವರೆಲ್ಲ ಒಂದು ಪೀಸ್ ಬೆಲ್ಲ ಕೊಡಿ, ಒಂದು ಪೀಸ್ ಹುಣಸೆಹಣ್ಣು ಕೊಡಿ ಎಂದು ಏನಾದರೂ ಕೇಳಿಕೊಂಡೇ ಬರಬೇಕು, ಬಂದ ಮೇಲೆ ತೆಗೆದುಕೊಂಡೇ ಹೋಗಬೇಕು. ಹೀಗಾಗಿ ನಮ್ಮ ಮನೆಯಲ್ಲಿ ಯಾವುದೂ ಇಡಿಯಾಗಿ ಉಳಿದದ್ದಿಲ್ಲ. ನಮ್ಮಪ್ಪನ ಜೇಬಿನಲ್ಲಿ ಸದಾ ಒಂದು ಅಡಿಕೆ ಹೋಳು ಇರುತ್ತದೆ. ಸಂಜೆ ಬಂದು ಒಂದು ಪೀಸ್ ಅಡಿಕೆ ತಂದಿದೀನಿ ಎಂದರೆ ಬಾಗಿಲು ತೆರೆಯುತ್ತದೆ. ಎದುರುಮನೆಯ ಪದವೂ ಪೀಸ್. ಅದು ನೆಮ್ಮದಿಯ ಪೀಸ್. ಒಂದು ಗಳಿಗೆ ಪೀಸಾಗಿ ಕೂತು ಹೋಗ್ತೀನವ್ವ ಎಂದು ಊರಿನವರೆಲ್ಲ ಅಲ್ಲಿಗೇ ಹೋಗುತ್ತಾರೆ. ಗಂಡನ ಮೇಲೆ ಮುನಿದವರು, ಅತ್ತೆಯ ಕಾಟ ತಾಳದವರು, ತಲೆನೋವಿನವರು, ಎಲ್ಲರೂ ಅಲ್ಲಿಯೇ. ಆದ್ದರಿಂದ ಊರಿನಲ್ಲಿ ಅದಕ್ಕಿಂತ ಗಲಾಟೆಯ ಮನೆ ಇನ್ನೊಂದಿಲ್ಲ.

ಆ ಎದುರುಮನೆಯ ಯಜಮಾನಿ ಹಾಲಮ್ಮ, ನಮ್ಮಜ್ಜಿಯ ಒಡಹುಟ್ಟಿದವಳು. ಒಡಹುಟ್ಟಿದವಳು ಎಂದರೆ ಅವಳಿ. ಒಂದೇ ಮೂಗು, ಒಂದೇ ಗಲ್ಲ, ಒಂದೇ ಹಟ. ಹೆರಿಗೆ ಮಾಡಿಸಿದ ಸೂಲಗಿತ್ತಿ ಎರಡೂ ಕೂಸುಗಳನ್ನು ಒಂದೇ ಬಾನಿಯಲ್ಲಿ ಮೀಯಿಸಿ ಎತ್ತುವಾಗ ಮೊದಲು ಹುಟ್ಟಿದ್ದು ಯಾವುದೆಂದು ಮರೆತುಬಿಟ್ಟಳಂತೆ. ಅಲ್ಲಿಂದ ಶುರು. ಅಜ್ಜಿ ತಾನೇ ದೊಡ್ಡವಳು ಎನ್ನುತ್ತಾಳೆ, ಹಾಲಮ್ಮ ತಾನೇ ಎನ್ನುತ್ತಾಳೆ. ಮದುವೆಯಾಗಿ ಇಬ್ಬರೂ ಈ ಎದುರುಬದುರು ಮನೆಗಳಿಗೆ ಬಂದರು. ಚಿಕ್ಕವಳು ದೊಡ್ಡವಳ ಮನೆಗೆ ಮೊದಲು ಬಂದು ಕುಂಕುಮ ಹಚ್ಚಬೇಕು ಎಂಬುದು ರೂಢಿ. ಇಬ್ಬರೂ ಕುಂಕುಮದ ಬಟ್ಟಲು ಸಿದ್ಧ ಮಾಡಿಟ್ಟುಕೊಂಡು, ಅವಳೇ ಬರಲಿ ಎಂದು ಕಾದರು. ಕಾಯುತ್ತ ಕಾಯುತ್ತ ಮಕ್ಕಳಾದವು, ಮೊಮ್ಮಕ್ಕಳಾದವು, ಹಲ್ಲು ಹೋದವು. ಕೆರೆಯ ದಂಡೆಗೆ ಒಬ್ಬಳು ಬಂದರೆ ಇನ್ನೊಬ್ಬಳು ಸೆರಗು ತಲೆಯ ಮೇಲೆಳೆದುಕೊಂಡು, ಅರ್ಧ ತುಂಬಿದ ಕೊಡವನ್ನೇ ಎತ್ತಿಕೊಂಡು ಹೊರಟುಬಿಡುತ್ತಿದ್ದಳು. ಈಗ ಇಬ್ಬರಿಗೂ ಮಂಡಿ ಸೋತು, ಇಬ್ಬರೂ ತಂತಮ್ಮ ಪಡಸಾಲೆಯಲ್ಲಿ, ಒಂದು ತೆರೆದರೆ ಇನ್ನೊಂದು ಮುಚ್ಚುವ ಬಾಗಿಲುಗಳ ಹಿಂದೆ.

ಅಜ್ಜಿಯ ಕಣ್ಣು ಮಂಜಾಗತೊಡಗಿದ್ದು ಆಗಲೇ. ಪಕ್ಕದೂರಿನ ಕಣ್ಣಿನ ಡಾಕ್ಟರು ದೀಪ ಹಿಡಿದು ನೋಡಿ, ಇದು ಪೊರೆಯಲ್ಲ, ಒಳಗಿನ ನರ ಒಣಗುತ್ತಿದೆ, ನೋಡೋದನ್ನೆಲ್ಲ ಬೇಗ ನೋಡಿ ಮುಗಿಸಲಿ ಎಂದು ಅಪ್ಪನ ಕಿವಿಯಲ್ಲಿ ಹೇಳಿದರು. ಅಜ್ಜಿಯ ಕಣ್ಣು ಮಂಜಾಗಿತ್ತೇ ಹೊರತು ಕಿವಿ ಚುರುಕಾಗಿಯೇ ಇತ್ತು. ಮನೆಗೆ ಬಂದು ಕೂತವಳು ನನ್ನನ್ನು ಹತ್ತಿರ ಕರೆದಳು.

"ಶಾಂಭೀ, ನನಗೆ ಹಾಲಿ ಮುಖ ನೋಡ್ಬೇಕು ಕಣೆ."

ಅಷ್ಟು ವರ್ಷದ ಮೇಲೆ ತಂಗಿಯ ನೆನಪಾಯಿತೇ ಎಂದು ನನ್ನ ಕಣ್ಣು ತುಂಬಿತು. ಅದನ್ನು ಕಂಡು ಅಜ್ಜಿ ರೇಗಿದಳು.

"ಅಳ್ಬ್ಯಾಡ. ಅವಳ ಮ್ಯಾಲೆ ಪ್ರೀತಿ ಉಕ್ಕಿ ಹೇಳ್ತಿಲ್ಲ ನಾನು. ಈ ಕನ್ನಡಿ ಬರೇ ಸುಳ್ಳುಬುರುಕ, ಮಸುಕು ಮಸುಕು ತೋರಿಸ್ತೈತೆ. ಅವಳ ಮುಖ ನೋಡಿದ್ರೆ ನಾನು ಎಷ್ಟು ಮುದುಕಿ ಆಗಿದೀನಿ ಅಂತ ಸರಿಯಾಗಿ ತಿಳೀತೈತೆ."

ಅಪ್ಪ ಕುರ್ಚಿಯ ಸಮೇತ ಹೊತ್ತುಕೊಂಡು ಹೋಗಿ ಎದುರುಮನೆಗೆ ಬಿಡುತ್ತೇನೆ ಎಂದ. ದೊಡ್ಡವಳು ತಾನು ಯಾಕೆ ಹೋಗಬೇಕು ಎಂದಳು ಅಜ್ಜಿ. ಹಾಗಾದರೆ ಹಾಲಮ್ಮನನ್ನೇ ಹೊತ್ತು ತರಿಸೋಣ ಎಂದು ಅವರ ಮೊಮ್ಮಗನ ಹೆಂಡತಿ ವಿಶಾಲಕ್ಕನ ಹತ್ತಿರ ಕೇಳಿಸಿದೆವು. ದೊಡ್ಡವಳು ನಾನು ಯಾಕೆ ಬರಬೇಕು ಎಂಬ ಉತ್ತರ ಬಂತು, ಅದೂ ಅದೇ ದನಿಯಲ್ಲಿ ಎಂದು ವಿಶಾಲಕ್ಕ ಹೇಳಿದಳು. ಇಬ್ಬರೂ ತಂತಮ್ಮ ಹೊಸಿಲು ದಾಟುವ ಹಾಗಿಲ್ಲ, ಬೀದಿಗೆ ಕಿಟಕಿ ಇಡುವ ಪದ್ಧತಿ ನಮ್ಮೂರಿನಲ್ಲಿಲ್ಲ. ಉಳಿದದ್ದು ಒಂದೇ ದಾರಿ, ಎರಡು ಬಾಗಿಲೂ ಒಟ್ಟಿಗೆ ತೆರೆಯಬೇಕು. ಕಥೆಗಳಲ್ಲಿ ಇಂಥ ಹೊತ್ತಿಗೆ ಯಾರಾದರೂ ಮಾತು ಕೊಟ್ಟುಬಿಡುತ್ತಾರೆ. ನಾನೂ ಕೊಟ್ಟೆ. ಎರಡೂ ಪೀಸ್ ಸೇರಿಸಿ ಒಂದೇ ವಾಕ್ಯ ಹೇಳಿ ನಿನ್ನ ಕಣ್ಣು ಇರುವಾಗಲೇ ಬಾಗಿಲು ತೆರೆಸುತ್ತೇನೆ ಎಂದೆ. ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿ, ನೀನು ಶುರು ಮಾಡಿದ ವಾಕ್ಯ ಯಾವತ್ತಾದರೂ ಮುಗಿದದ್ದುಂಟೇ ಎಂದು ಕೇಳಿದಳು.

ಅವಳು ಹೇಳಿದ್ದು ನಿಜ. ಮಾತಿನ ನಡುವೆ ಒಂದು ಗಿಣಿ ಹಾರಿಹೋದರೆ ಸಾಕು, ನಾನೂ ಅದರ ಹಿಂದೆ ಹೋಗಿಬಿಡುತ್ತೇನೆ. ಉಪ್ಪು ತರಲು ಕಳಿಸಿದರೆ ಅಂಗಡಿಯವನ ಮುಂದೆ ನಿಂತು ಒಂದು ಎಂದು ಹೇಳಿ, ಒಂದು ಏನು ಎಂಬುದನ್ನು ಮರೆತು ಮನೆಗೆ ಬಂದವಳು ನಾನು.

ಮೊದಲು ನನ್ನ ತಲೆಯೊಳಗಿಂದಲೇ ಒಂದು ವಾಕ್ಯ ತೆಗೆದೆ. ಬೀದಿಯ ನಡುವೆ ನಿಂತು, ಮುಗಿಲಿನ ಒಂದು ಪೀಸ್ ಕತ್ತರಿಸಿ ತಂದು ತಲೆದಿಂಬು ಮಾಡಿಕೊಂಡರೆ ನನ್ನ ಮನಸ್ಸಿಗೆ ಎಂಥಾ ಪೀಸ್ ಎಂದು ರಾಗವಾಗಿ ಹೇಳಿದೆ. ತೆರೆದಿದ್ದ ಎದುರು ಬಾಗಿಲು ತೆರೆದೇ ಇತ್ತು, ಮುಚ್ಚಿದ್ದ ನಮ್ಮ ಬಾಗಿಲು ಮುಚ್ಚಿಯೇ ಇತ್ತು. ಜಗಲಿಯ ಮೇಲೆ ಮಲಗಿದ್ದ ನಾಯಿ ಎದ್ದು ಬೇರೆ ಕಡೆ ಹೋಗಿ ಮಲಗಿತು.

ಆಮೇಲೆ ಚನ್ನವೀರಯ್ಯ ಮೇಷ್ಟ್ರ ಹತ್ತಿರ ಹೋದೆ. ಅವರಿಗೆ ಉತ್ಸಾಹ ಬಂದು, ಪಂಚೆಯ ತುದಿ ಸಿಕ್ಕಿಸಿಕೊಂಡು ನನ್ನ ಜೊತೆಗೇ ಬಂದರು. ಆ ರೈತನು ಒಂದು ಪೀಸ್ ರೊಟ್ಟಿಯನ್ನು ತಿಂದು ಪೀಸ್‌ನಿಂದ ಮಲಗಿದನು ಎಂದು ಎರಡು ಮನೆಗೂ ಕೇಳುವಂತೆ ಹೇಳಿದರು. ಒಂದೂ ಅಲುಗಲಿಲ್ಲ. ಅವರು ಬೇಸರ ಮಾಡಿಕೊಳ್ಳದೆ ನಮ್ಮ ಜಗಲಿಯ ಮೇಲೆ ಕೂತು ಯೋಚಿಸಿದರು. ವಾಕ್ಯದಲ್ಲಿ ತಪ್ಪಿಲ್ಲವಮ್ಮ, ಆದರೆ ಆ ರೈತ ಯಾರು, ಅವನು ಮಲಗಿದರೆ ಈ ಬಾಗಿಲುಗಳಿಗೆ ಏನಾಗಬೇಕು ಎಂದರು. ಎರಡು ಮನೆಗೂ ಸೇರಿದ ನಿಜವಾದ ಕೆಲಸವೊಂದು ಬೇಕು. ಅದು ಸಿಕ್ಕರೆ ವಾಕ್ಯ ತಾನಾಗಿ ಬರುತ್ತದೆ. ಆದರೆ ಮುಖವನ್ನೇ ನೋಡದ ಎರಡು ಮನೆಗಳ ನಡುವೆ ಎಂಥ ಕೆಲಸವಿರಲು ಸಾಧ್ಯ? ಹಾಗೆ ಕೇಳಿ ಅವರು ಎದ್ದು, ಒಂದು ಪೀಸ್ ಬೆಲ್ಲ ಇಸಿದುಕೊಂಡು ಮನೆಗೆ ಹೋದರು.

ದಿನಗಳು ಹೋದವು. ಅಜ್ಜಿ ಅಕ್ಕಿಯಲ್ಲಿ ಕಲ್ಲು ಆರಿಸುವುದನ್ನು ಬಿಟ್ಟಳು. ಆಮೇಲೆ ಬೆರಳಿನಿಂದಲೇ ನನ್ನ ಮುಖ ಮುಟ್ಟಿ ನೋಡತೊಡಗಿದಳು. ಎದುರುಮನೆಯಲ್ಲಿ ವಿಶಾಲಕ್ಕ ಹೆಣ್ಣು ಹೆತ್ತಳು, ಆ ಕೂಸು ಹುಟ್ಟಿದಾಗಿನಿಂದ ಅಳುತ್ತಿತ್ತು. ಹಾಲು ಕುಡಿದು ಅತ್ತಿತು, ಕುಡಿಯದೆ ಅತ್ತಿತು. ಪೀಸಿಗೆಂದು ಆ ಮನೆಗೆ ಹೋದವರು ಕಿವಿ ಮುಚ್ಚಿಕೊಂಡು ಹೊರಗೆ ಬಂದರು. ಬೀದಿಯ ಬೆಕ್ಕುಗಳೂ ಬೇರೆ ಓಣಿಗೆ ಹೋದವು.

ಒಂದು ಬೆಳಗ್ಗೆ ಕೆರೆಯ ದಂಡೆಯಲ್ಲಿ ವಿಶಾಲಕ್ಕ ಕೂಸಿನ ಕೌದಿ ಒಗೆಯುತ್ತಿದ್ದಳು. ನಮ್ಮೂರಿನಲ್ಲಿ ಮಗು ಹುಟ್ಟಿದರೆ ಬೀದಿಯ ಪ್ರತಿ ಮನೆಯ ಹಿರಿಯಳ ಸೀರೆಯಿಂದ ಒಂದೊಂದು ಚೂರು ಬೇಡಿ ತಂದು, ಸೇರಿಸಿ ಹೊಲಿದು ಕೌದಿ ಮಾಡುತ್ತಾರೆ. ಒಂದು ಮನೆ ಮಾತ್ರ ಯಾವಾಗಲೂ ತಪ್ಪುತ್ತದೆ, ಜೋಡಿಮನೆ. ತಮ್ಮ ಬಾಗಿಲು ತೆರೆದು ಬೇಡಲು ಹೊರಟ ಕೂಡಲೇ ಅದರ ಬಾಗಿಲು ಮುಚ್ಚಿಕೊಳ್ಳುವುದರಿಂದ, ಅದನ್ನು ತೆರೆಸಿದರೆ ತಮ್ಮದು ಒಳಗಿನ ಕೂಸಿನ ಮೇಲೆ ಮುಚ್ಚಿಕೊಳ್ಳುವುದರಿಂದ ಅಲ್ಲಿ ಕೇಳುವುದನ್ನೇ ಜನ ಬಿಟ್ಟಿದ್ದಾರೆ. ಹೀಗೆ ಊರಿನ ಎಲ್ಲ ಕೌದಿಗಳಿಗೂ ಒಂದು ಮೂಲೆ ಖಾಲಿ. ನಾನು ಹೊದ್ದು ಬೆಳೆದ ಕೌದಿಗೂ ಖಾಲಿ. ಕೌದಿ ಎಂದರೆ ಹಾಗೇ ಇರಬೇಕು ಎಂದುಕೊಂಡಿದ್ದೆವು.

ವಿಶಾಲಕ್ಕನ ಕಣ್ಣಿನ ಕೆಳಗೆ ಕಪ್ಪು ಕಟ್ಟಿತ್ತು. ಕೂಸಿನ ಕಾಲು ಸರಿಯಾಗಿ ಆ ಖಾಲಿ ಮೂಲೆಯಿಂದಲೇ ಹೊರಗೆ ಬರುತ್ತದೆ, ಗಾಳಿ ತಾಕಿ ಎಚ್ಚರಾಗುತ್ತದೆ, ಎಚ್ಚರಾಗಿ ಕಿರುಚುತ್ತದೆ ಎಂದು ಹೇಳಿಕೊಂಡಳು. ಬೇರೆ ಯಾರದಾದರೂ ಬಟ್ಟೆ ಹಾಕಿ ಹೊಲಿಯಬಾರದೇ ಎಂದರೆ ಹಾಲಮ್ಮ ಬಿಡುವುದಿಲ್ಲವಂತೆ, ಒಬ್ಬರ ಜಾಗಕ್ಕೆ ಇನ್ನೊಬ್ಬರು ಬರಬಾರದಂತೆ. ನಾನು ಎಂದಿನಂತೆ ನೀರಿನಲ್ಲಿ ತೇಲುತ್ತಿದ್ದ ಮೋಡ ನೋಡುತ್ತಾ ಅರ್ಧ ಕೇಳಿಸಿಕೊಂಡೆ. ಮನೆಯ ಹತ್ತಿರ ಬಂದ ಮೇಲೆ ಉಳಿದರ್ಧ ತಲೆಗೆ ಹೋಯಿತು. ಎರಡು ಮನೆಗೂ ಸೇರಿದ ಕೆಲಸ ಕೌದಿಯ ಮೂಲೆಯಲ್ಲಿ ಅಷ್ಟು ಕಾಲದಿಂದ ಗಾಳಿಯಾಡುತ್ತಾ ಕೂತಿತ್ತು.

ಅಜ್ಜಿಗೆ ಹೇಳಿದೆ. ಅವಳ ಮರಿಮಗಳಿಗೆ ನನ್ನ ಸೀರೆ ಹರೀಬೇಕೇನು ಎಂದು ಅವಳು ಮುಖ ತಿರುಗಿಸಿದಳು. ಕೂಸು ಥೇಟ್ ಹಾಲಮ್ಮನ ಹಾಗೆಯೇ ಇದೆಯಂತೆ ಎಂದೆ. ಅಜ್ಜಿ ಕಿವಿಯನ್ನು ಬಾಗಿಲ ಕಡೆ ತಿರುಗಿಸಿದಳು. ಎದುರುಮನೆಯಲ್ಲಿ ಕೂಸು ಕಿರುಚುತ್ತಲೇ ಇತ್ತು.

"ಅಂದ್ರೆ ನನ್ನಂಗೇ ಐತೆ ಅಂತಾಯ್ತು. ನನ್ನ ಮುಖ ಇಟ್ಕೊಂಡು ಹಿಂಗೆ ಅರಚ್ತೈತಾ ಅದು? ಮರ್ಯಾದೆ ಬ್ಯಾಡ್ವಾ ನನಗೆ?"

ಹಳೆಯ ಸೀರೆ ತರಲು ಹೊರಟೆ. ಬ್ಯಾಡ, ಹಳೇದು ಕೊಟ್ಟರೆ ಆಡ್ಕೊಂತಾಳೆ ಎಂದು, ಉಟ್ಟಿದ್ದ ಹೊಸ ಹತ್ತಿ ಸೀರೆಯ ಸೆರಗನ್ನೇ ಹಲ್ಲಿನಲ್ಲಿ ಕಚ್ಚಲು ಹೋದಳು. ಹಲ್ಲಿರಲಿಲ್ಲ. ಅಪ್ಪನ ಅಡಕತ್ತರಿಯಿಂದ ಒಂದು ಮೂಲೆ ಕತ್ತರಿಸಿ ಕೊಟ್ಟಳು. ಕುರ್ಚಿಯನ್ನು ಬಾಗಿಲಿಗೆ ಎದುರಾಗಿ ಹಾಕಿಸಿಕೊಂಡು, ಕನ್ನಡಕ ಏರಿಸಿಕೊಂಡು ಕೂತಳು. ಸಂಜೆಯೊಳಗೆ ಕೆಲಸ ಆಗಬೇಕು, ಬೆಳಕು ಕಡಿಮೆಯಾದರೆ ಕಾಣೋದಿಲ್ಲ ಎಂದಳು. ನಾಳೆಯ ಬೆಳಕಿನಲ್ಲಿ ಕಂಡೀತೆಂಬ ನಂಬಿಕೆ ಅವಳಿಗೂ ಇರಲಿಲ್ಲ, ನನಗೂ ಇರಲಿಲ್ಲ. ಹಾಲಮ್ಮನನ್ನೂ ಹೊಸಿಲ ಒಳಗೆ ಕೂರಿಸಿಡು ಎಂದು ವಿಶಾಲಕ್ಕನಿಗೆ ಹೇಳಿಕಳಿಸಿದ್ದೆ. ತಂಪು ಗಾಳಿಗೆಂದು ಸುಳ್ಳು ಹೇಳಿ ಕೂರಿಸಿದ್ದಳಂತೆ.

ಬೀದಿಗೆ ಇಳಿದು ಎರಡು ಬಾಗಿಲುಗಳ ನಡುವೆ ನಿಂತೆ. ಸುದ್ದಿ ಹೇಗೆ ಹಬ್ಬಿತೋ, ಜನ ಸೇರಿದ್ದರು. ವೀಕ್ ಮನೆಯ ಅಳಿಯನೂ ಬಂದಿದ್ದ. ವಿಶಾಲಕ್ಕ, ನಮ್ಮಜ್ಜಿ ಸೀರೆಯ ಈ ಪೀಸ್ ತಗೊಂಡು ಎಂದು ಶುರು ಮಾಡಿದೆ. ಅಷ್ಟರಲ್ಲಿ ಬಟ್ಟೆಯ ಚೂರು ಗಾಳಿಗೆ ಎದ್ದು ಹಕ್ಕಿಯ ರೆಕ್ಕೆಯಂತೆ ಪಟಪಟ ಎಂದಿತು. ನಾನು ಅದನ್ನು ನೋಡುತ್ತಾ ನಿಂತುಬಿಟ್ಟೆ. ಅಷ್ಟೇ ಮಾತಿಗೆ ನಮ್ಮ ಬಾಗಿಲು ತೆರೆದುಕೊಂಡಿತು, ಎದುರಿನದು ರಪ್ಪೆಂದು ಹಾಕಿಕೊಂಡಿತು. ಅಜ್ಜಿ ಬಾಗಿಲೊಳಗಿಂದ ಎದುರಿನ ಮರದ ಹಲಗೆಯನ್ನು ಕಣ್ಣು ಕಿರಿದು ಮಾಡಿ ನೋಡಿದಳು. ಇವಳು ಇಷ್ಟು ಒಣಗಿದಾಳಾ ಎಂದಳು.

ಗಾಬರಿಯಲ್ಲಿ ಉಳಿದದ್ದನ್ನು ಹೇಳಿದೆ, ನಿಮ್ಮನೆಗೂ ಪೀಸ್ ಸಿಗಲಿ ಎಂದು. ಅದು ಬೇರೆಯದೇ ವಾಕ್ಯವಾಯಿತು. ಎದುರು ಬಾಗಿಲು ತೆರೆಯಿತು, ನಮ್ಮ ಬಾಗಿಲು ಅಜ್ಜಿಯ ಮೂಗಿನ ಮುಂದೆಯೇ ಮುಚ್ಚಿತು. ಒಳಗಿಂದ ಅವಳು ಬೈದದ್ದನ್ನು ಬರೆಯಲಾರೆ. ಮತ್ತೆ ಹೇಳಿದೆ. ಈ ಸಲ ನಡುವೆ ಕೆಮ್ಮು ಬಂತು. ಮತ್ತೆ ನಮ್ಮದು ತೆರೆಯಿತು, ಮತ್ತೆ ಅವರದು ಮುಚ್ಚಿತು. ಬಾಗಿಲುಗಳ ಹೊಡೆತಕ್ಕೆ ಕೂಸು ಇನ್ನೂ ಜೋರಾಗಿ ಅತ್ತಿತು. ಚನ್ನವೀರಯ್ಯ ಮೇಷ್ಟ್ರು ದೂರದಲ್ಲಿ ನಿಂತು ನನ್ನ ಬದಲಿಗೆ ತಾವೇ ಉಸಿರು ಬಿಗಿಹಿಡಿದು ಕೆಂಪಾಗುತ್ತಿದ್ದರು. ಯಾರೋ ನಕ್ಕರು. ಬಿಸಿಲು ಎದುರುಮನೆಯ ಸೂರಿನಿಂದ ಜಾರತೊಡಗಿತು.

ಆಗ ಅಜ್ಜಿಯ ದನಿ ಕೇಳಿಸಿತು. ಬೈಗುಳದ ದನಿಯಲ್ಲ, ಕಥೆ ಹೇಳುವಾಗಿನ ದನಿ.

"ಶಾಂಭೀ, ಸಣ್ಣೋಳಿದ್ದಾಗ ನಾನು ಕಥೆ ಅರ್ಧಕ್ಕೆ ಬಿಟ್ಟು ಆಕಳಿಸಿದ್ರೆ ನನ್ನ ರೆಪ್ಪೆ ಬಿಡಿಸಿ ಕೇಳ್ತಿದ್ದೆ ನೀನು. ಈಗ ನನ್ನ ರೆಪ್ಪೆ ಬಿಡಿಸಿದ್ರೂ ಏನೂ ಕಾಣದಂಗೆ ಆಗೋಕೆ ಮುಂಚೆ ಮುಗಿಸವ್ವ."

ನಾನು ಬಟ್ಟೆಯ ಚೂರನ್ನು ಮುಷ್ಟಿಯಲ್ಲಿ ಮುಚ್ಚಿ ಹಿಡಿದೆ. ಆಕಾಶವನ್ನು ನೋಡಲಿಲ್ಲ, ನಾಯಿಯನ್ನು ನೋಡಲಿಲ್ಲ. ವಿಶಾಲಕ್ಕನ ನಿದ್ದೆಗೆಟ್ಟ ಕಣ್ಣು, ಕೌದಿಯ ಮೂಲೆಯಿಂದ ಹೊರಬರುವ ಆ ಪುಟ್ಟ ಅಂಗಾಲು, ಅಷ್ಟನ್ನೇ ನೆನೆದೆ.

"ವಿಶಾಲಕ್ಕ, ನಮ್ಮಜ್ಜಿ ಸೆರಗಿನ ಈ ಪೀಸನ್ನ ಕೌದಿಯ ಖಾಲಿ ಮೂಲೆಗೆ ಹೊಲಿದು ಕೂಸಿಗೆ ಹೊದಿಸು, ಅದಕ್ಕೂ ನಿನಗೂ ಒಳಗೆ ಕೂತಿರೋ ಈ ಇಬ್ಬರು ಮುದುಕಿಯರಿಗೂ ಸ್ವಲ್ಪ ಪೀಸ್ ಸಿಗಲಿ."

ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಎರಡು ಬಾಗಿಲುಗಳೂ ಯೋಚಿಸುತ್ತಿರುವಂತೆ ಕಿರ್ ಎಂದವು, ಒಂದನ್ನೊಂದು ಕೇಳಿಕೊಂಡಂತೆ ಮತ್ತೆ ಕಿರ್ ಎಂದವು. ತೆರೆದಿದ್ದ ನಮ್ಮ ಬಾಗಿಲು ಮುಚ್ಚಿಕೊಳ್ಳಲು ಹೊರಟದ್ದು ನಡುವೆಯೇ ನಿಂತು, ಹಿಂದಕ್ಕೆ ಸರಿದು ಗೋಡೆಗೆ ತಾಗಿತು. ಎದುರಿನದೂ ನಿಧಾನವಾಗಿ, ಒಳಗಿನ ಕತ್ತಲನ್ನು ಪಕ್ಕಕ್ಕೆ ತಳ್ಳುತ್ತಾ, ಪೂರ್ತಿ ತೆರೆಯಿತು.

ಹೊಸಿಲ ಒಳಗೆ ಕುರ್ಚಿಯಲ್ಲಿ ಹಾಲಮ್ಮ ಕೂತಿದ್ದಳು. ಅದೇ ಮೂಗು, ಅದೇ ಗಲ್ಲ. ಅವಳೂ ಕನ್ನಡಕ ಏರಿಸಿಕೊಂಡು ಕೂತಿದ್ದಳು. ತಂಪು ಗಾಳಿಗೆ ಯಾರೂ ಕನ್ನಡಕ ಹಾಕಿಕೊಂಡು ಕೂರುವುದಿಲ್ಲ.

ಇನ್ನೊಂದು ಪೀಸ್ ಬಾಯಿಂದ ಜಾರಿ ಬಾಗಿಲು ಮುಚ್ಚೀತೆಂದು ನಾನು ಬಾಯಿಗೆ ಕೈ ಅಡ್ಡ ಹಿಡಿದು, ನೋಟಕ್ಕೆ ಅಡ್ಡವಾಗದಂತೆ ನೆಲಕ್ಕೆ ಕುಸಿದು ಕೂತೆ. ನನ್ನ ತಲೆಯ ಮೇಲಿಂದ ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಅಜ್ಜಿ ಕುತ್ತಿಗೆ ಮುಂದೆ ಚಾಚಿ ಹಣೆ ನೋಡಿದಳು, ಕೆನ್ನೆ ನೋಡಿದಳು, ಬೊಚ್ಚುಬಾಯಿ ನೋಡಿದಳು, ಕಡೆಗೆ ಕಣ್ಣು ನೋಡಿದಳು. ಕಣ್ಣಿಗೆ ಬಂದ ನೋಟ ಅಲ್ಲಿಯೇ ನಿಂತಿತು.

"ಅಯ್ಯ," ಎಂದಳು ಅಜ್ಜಿ. "ಇಷ್ಟು ಮುದುಕಿ ಆಗಿದೀನೇನೇ ನಾನು?"

"ನಾನೂ ಅದನ್ನೇ ನೋಡ್ತಿದೀನಿ ಕಣೇ," ಎಂದಳು ಹಾಲಮ್ಮ.